ಹದಿನಾಲ್ಕು ನಿಮಿಷಗಳ ಬೆಲೆ

ನನ್ನ ನೌಕರಿ ಬೆಳಗಾವಿಯಲ್ಲಿ. ಅವ್ವ, ಅಪ್ಪ ಇರುವುದು ಬಾಗಲಕೋಟೆಯ ನವನಗರದಲ್ಲಿ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಮುಂಜಾನೆ ಕಾರು ತೆಗೆದುಕೊಂಡು ಸಾಂಬ್ರಾ, ನೇಸರಗಿ, ಯರಗಟ್ಟಿ, ಲೋಕಾಪುರ, ಕಲಾದಗಿ ದಾಟಿ, ಗದ್ದನಕೇರಿ ಕ್ರಾಸಿಗೆ ಬಂದು ಊರು ಮುಟ್ಟುವುದು, ಮರುದಿನ ಸಂಜೆ ಅದೇ ದಾರಿಯಲ್ಲಿ ಮರಳುವುದು ನನ್ನ ಹಲವು ವರ್ಷಗಳ ರೂಢಿ. ರಾಯಚೂರು–ಬಾಚಿ ರಾಜ್ಯ ಹೆದ್ದಾರಿಯ ಈ ಭಾಗ ಒಂದು ದಿಕ್ಕಿಗೆ ಸುಮಾರು 140 ಕಿಲೋಮೀಟರ್ ಆಗುತ್ತದೆ. ಅದರ ಬಹುಭಾಗದಲ್ಲಿ ನಡುವೆ ವಿಭಜಕವಿಲ್ಲ. ಹೋಗುವವರೂ ಬರುವವರೂ ಒಂದೇ ಡಾಂಬರನ್ನು ಹಂಚಿಕೊಳ್ಳಬೇಕು. ಇಂಥ ರಸ್ತೆಯಲ್ಲಿ ನಾನು ಜೋರಾಗಿಯೇ ಗಾಡಿ ಓಡಿಸುತ್ತಿದ್ದವನು. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕಗಳನ್ನು ದಾರಿಯುದ್ದಕ್ಕೂ ಓದುತ್ತಲೇ ಹೋಗಿದ್ದೇನೆ; ಅವು ಮನಸ್ಸಿಗೆ ತಟ್ಟಲಿಲ್ಲ. ಲೆಕ್ಕಪತ್ರದ ಕೆಲಸ ಮಾಡುವ ನನಗೆ ಖರ್ಚು ಎಷ್ಟು, ಉಳಿತಾಯ ಎಷ್ಟು ಎಂದು ಎರಡು ಕಾಲಮ್ಮುಗಳಲ್ಲಿ ಬರೆದು ತೋರಿಸದ ಹೊರತು ಯಾವ ಮಾತೂ ತಲೆಗೆ ಹತ್ತುವುದಿಲ್ಲ.

ಒಮ್ಮೆ ಪಕ್ಕದ ಸೀಟಿನಲ್ಲಿದ್ದ ಹೆಂಡತಿ, “ಇಷ್ಟು ಲಗೂ ಮುಟ್ಟಿ ಏನ್ ಮಾಡೂದೈತ್ರಿ?” ಎಂದು ಕೇಳಿದಳು. ಉತ್ತರ ತೋಚಲಿಲ್ಲ. ಅದಕ್ಕಿಂತ ಹೆಚ್ಚು ಕಾಡಿದ್ದು, ನಾನು ನಿಜವಾಗಿ ಎಷ್ಟು ಬೇಗ ಮುಟ್ಟುತ್ತಿದ್ದೇನೆ ಎಂಬುದೇ ನನಗೆ ಗೊತ್ತಿಲ್ಲ ಎನ್ನುವ ಸಂಗತಿ. ಮುಂದಿನ ವಾರವೇ ಕಾರಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟೆ. ಜುಲೈಯಿಂದ ಡಿಸೆಂಬರ್‌ವರೆಗೆ ಎಂದಿನಂತೆ, ಅಂದರೆ ರಸ್ತೆ ಖಾಲಿ ಸಿಕ್ಕಲ್ಲೆಲ್ಲ ನೂರರ ಆಸುಪಾಸಿನಲ್ಲಿ ಓಡಿಸುವುದು. ಜನವರಿಯಿಂದ ಜೂನ್‌ವರೆಗೆ ಮುಳ್ಳನ್ನು 75ರ ಮೇಲೆ ಹೋಗಗೊಡದಿರುವುದು. ಪ್ರತಿ ಸಲವೂ ಹೊರಟ ಹೊತ್ತು, ಮುಟ್ಟಿದ ಹೊತ್ತು, ಹಾಕಿಸಿದ ಪೆಟ್ರೋಲು ಬರೆಯುವುದು. ಮೊದಲರ್ಧದಲ್ಲಿ ಮಳೆಗಾಲ ಬಂತು, ಎರಡನೆಯದರಲ್ಲಿ ಕಬ್ಬಿನ ಹಂಗಾಮಿನ ಕೊನೆ ಬಂತು, ಆದ್ದರಿಂದ ಇದನ್ನು ಶುದ್ಧ ಪ್ರಯೋಗ ಎನ್ನಲಾಗದು. ಆದರೂ ಒಬ್ಬ ಮನುಷ್ಯನ ಒಂದು ರಸ್ತೆಯ ಮಟ್ಟಿಗೆ ಇದು ಸಾಕು.

ಜೋರಾಗಿ ಓಡಿಸಿದ ಅರ್ಧವರ್ಷದ ಸರಾಸರಿ 2 ತಾಸು 38 ನಿಮಿಷ. ಸಾವಕಾಶ ಓಡಿಸಿದ ಅರ್ಧವರ್ಷದ್ದು 2 ತಾಸು 52 ನಿಮಿಷ. ವ್ಯತ್ಯಾಸ ಹದಿನಾಲ್ಕು ನಿಮಿಷ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಲೆಕ್ಕ ಮುಕ್ಕಾಲು ತಾಸಿನದು.

ಇಷ್ಟು ಕಡಿಮೆ ಏಕೆ ಎಂದು ಹುಡುಕಿದರೆ ಉತ್ತರ ರಸ್ತೆಯಲ್ಲೇ ಇದೆ. 140 ಕಿಲೋಮೀಟರುಗಳಲ್ಲಿ ಊರುಗಳು, ಹಂಪುಗಳು, ತಿರುವುಗಳು, ಸಂತೆಯ ಜಂಗುಳಿ, ಮುಂದಿನ ವಾಹನದ ಬೆನ್ನು ಇವೆಲ್ಲವನ್ನೂ ಕಳೆದರೆ ನೂರರಲ್ಲಿ ಓಡಿಸಲು ಸಿಗುವುದು ಹೆಚ್ಚೆಂದರೆ 65 ಕಿಲೋಮೀಟರ್. ಆ 65 ಕಿಲೋಮೀಟರಿಗೆ 75ರಲ್ಲಿ 52 ನಿಮಿಷ, 100ರಲ್ಲಿ 39 ನಿಮಿಷ ಬೇಕು, ಉಳಿಯುವುದು 13. ಮಿಕ್ಕ 75 ಕಿಲೋಮೀಟರುಗಳಲ್ಲಿ ಎಷ್ಟೇ ಹಾರಾಡಿದರೂ ಉಳಿದದ್ದು ಒಂದೇ ನಿಮಿಷ. ಇನ್ನೊಂದು ಗಣಿತ ಇದಕ್ಕಿಂತ ಸೋಜಿಗದ್ದು. ಹತ್ತು ಕಿಲೋಮೀಟರ್ ದಾರಿಗೆ 40ರ ವೇಗದಲ್ಲಿ 15 ನಿಮಿಷ ಬೇಕು, 60ರಲ್ಲಿ 10 ನಿಮಿಷ; ಇಲ್ಲಿ ಐದು ನಿಮಿಷ ಉಳಿಯಿತು. 60ರಿಂದ 80ಕ್ಕೆ ಏರಿದರೆ ಎರಡೂವರೆ ನಿಮಿಷ, 80ರಿಂದ 100ಕ್ಕೆ ಒಂದೂವರೆ, 100ರಿಂದ 120ಕ್ಕೆ ಒಂದು, 120ರಿಂದ 140ಕ್ಕೆ ಮುಕ್ಕಾಲು ನಿಮಿಷಕ್ಕೂ ಕಡಿಮೆ ಉಳಿತಾಯ. ಪ್ರತಿ ಸಲವೂ ಏರಿಸಿದ್ದು ಅದೇ ಇಪ್ಪತ್ತು, ಕೈಗೆ ಬಂದದ್ದು ಮಾತ್ರ ಕರಗುತ್ತ ಹೋಯಿತು. ಎತ್ತಿನ ಗಾಡಿ ಬಿಟ್ಟು ಬಸ್ಸು ಹತ್ತಿದ ನಮ್ಮ ಹಿರಿಯರಿಗೆ ವೇಗದಿಂದ ಆದ ಲಾಭ ನಿಜವಾದದ್ದೇ. ಅದೇ ರುಚಿಯನ್ನು ನಾವು ಸ್ಪೀಡೋಮೀಟರಿನ ಬಲಗಡೆಯ ಅಂಕಿಗಳಲ್ಲಿ ಹುಡುಕುತ್ತಿದ್ದೇವೆ. ಅಲ್ಲಿ ಅದು ಬಹುತೇಕ ತೀರಿಹೋಗಿದೆ.

ಪೆಟ್ರೋಲಿನ ಕಾಲಮ್ಮನ್ನು ಬೇಗ ಮುಗಿಸುತ್ತೇನೆ. ಗಾಳಿಯ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. 80ರಲ್ಲಿ ಇರುವುದಕ್ಕಿಂತ 120ರಲ್ಲಿ ಅದು ಎರಡೂಕಾಲು ಪಟ್ಟು. ನನ್ನ ಹಳೆಯ ಕಾರು ಸಾವಕಾಶ ಓಡಿಸಿದರೆ ಲೀಟರಿಗೆ 20 ಕಿಲೋಮೀಟರ್ ಕೊಟ್ಟಿತು, ಜೋರಾಗಿ ಓಡಿಸಿದರೆ ಹದಿನಾರೂವರೆ. ಒಂದು ದಿಕ್ಕಿಗೆ ಒಂದೂವರೆ ಲೀಟರ್ ಹೆಚ್ಚು, ಅಂದರೆ ಕನಿಷ್ಠ ನೂರೈವತ್ತು ರೂಪಾಯಿ. ಹದಿನಾಲ್ಕು ನಿಮಿಷಕ್ಕೆ ನೂರೈವತ್ತು ಎಂದರೆ ತಾಸಿಗೆ ಆರುನೂರ ನಲವತ್ತರ ಮೇಲೆ. ಅಷ್ಟು ಸಂಬಳ ನನಗಿಲ್ಲ. ಕೊಂಡುಕೊಂಡ ಆ ಹದಿನಾಲ್ಕು ನಿಮಿಷಗಳನ್ನು ನಾನು ಕಳೆದದ್ದು ಪಡಸಾಲೆಯ ಕಾಟಿನ ಮೇಲೆ ಮೊಬೈಲ್ ನೋಡುತ್ತ, ಏಕೆಂದರೆ ಅಡುಗೆ ಆಗಿರುತ್ತಿರಲಿಲ್ಲ.

ದಂಡದ ಬಗ್ಗೆಯೂ ಹೇಳಬೇಕು, ಏಕೆಂದರೆ ಬಹಳ ಜನ ಅತಿವೇಗದ ಖರ್ಚು ಎಂದರೆ ದಂಡ ಎಂದೇ ಭಾವಿಸಿದ್ದಾರೆ. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿಗೆ 2019ರಲ್ಲಿ ಆದ ತಿದ್ದುಪಡಿಯಂತೆ ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ. ಕರ್ನಾಟಕದಲ್ಲಿ 2024ರ ಆಗಸ್ಟ್ 1ರಿಂದ ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮವೂ ಬಂದಿದೆ. ಆದರೆ ನನ್ನ ರಸ್ತೆಯಲ್ಲಿ ಕ್ಯಾಮರಾ ಎಲ್ಲಿದೆ ಎಂಬುದು ಗಾಡಿ ಓಡಿಸುವವರಿಗೆಲ್ಲ ಗೊತ್ತು. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟ ಮೇಲಂತೂ ನನ್ನ ಗೆಳೆಯರಲ್ಲಿ ಕೆಲವರು ದಂಡವನ್ನು ದೀಪಾವಳಿಯ ಬಟ್ಟೆ ವ್ಯಾಪಾರದಂತೆ ನೋಡುತ್ತಾರೆ, ತಡೆದು ಕೊಟ್ಟರೆ ಅಗ್ಗ ಎಂದು. ದಂಡವೊಂದನ್ನೇ ಖರ್ಚಿಗೆ ಬರೆದುಕೊಂಡರೆ ಅತಿವೇಗ ಲಾಭದ ವ್ಯವಹಾರವೇ ಆಗುತ್ತದೆ. ದಂಡ ಈ ಲೆಕ್ಕದ ಅತಿ ಚಿಕ್ಕ ಬಾಬತ್ತು.

ಇನ್ನು ಲಾಭದ ಕಡೆಗೆ ನ್ಯಾಯವಾಗಿ ಬರೆಯಬೇಕಾದದ್ದನ್ನು ಬರೆಯುತ್ತೇನೆ. ಮೊದಲನೆಯದು, ಯಾರೂ ಬಾಯಿಬಿಟ್ಟು ಹೇಳದ ಸುಖ. ಲೋಕಾಪುರ ದಾಟಿದ ಮೇಲೆ ಹಿಂಗಾರಿನ ಜೋಳ ಎರಡೂ ಕಡೆ ತಲೆದೂಗುತ್ತಿರುವಾಗ, ಎರೆಭೂಮಿಯ ನಡುವೆ ನೇರವಾಗಿ ಚಾಚಿದ ರಸ್ತೆ ಬರಿದಾಗಿ ಸಿಕ್ಕರೆ, ಕಾಲು ತಾನಾಗಿಯೇ ಕೆಳಗಿಳಿಯುತ್ತದೆ. ವಾರವಿಡೀ ಕುರ್ಚಿಯಲ್ಲಿ ಕುಳಿತವನಿಗೆ ಆ ಐದು ನಿಮಿಷ ಏನು ಕೊಡುತ್ತದೆ ಎಂಬುದನ್ನು ನಾನು ಅಲ್ಲಗಳೆಯಲಾರೆ.

ಎರಡನೆಯದು ಹಿಂದಿಕ್ಕುವ ಹೊತ್ತಿನದು, ಮತ್ತು ಇಲ್ಲಿ ವೇಗ ನಿಜಕ್ಕೂ ಸುರಕ್ಷತೆಯ ಕಡೆಗೇ ಇರಬಹುದು. 60ರಲ್ಲಿ ಹೋಗುತ್ತಿರುವ ಲಾರಿಯನ್ನು 80ರಲ್ಲಿ ದಾಟಲು, ಹಿಂದೆ ಮುಂದೆ ಬಿಡಬೇಕಾದ ಅಂತರ ಸೇರಿ, ಸುಮಾರು ಹತ್ತು ಸೆಕೆಂಡು ಬೇಕು. ಅಷ್ಟರಲ್ಲಿ ನಾನು 225 ಮೀಟರ್ ಹೋಗಿರುತ್ತೇನೆ, ಎದುರಿನಿಂದ 80ರಲ್ಲಿ ಬರುವವನೂ ಅಷ್ಟೇ ಬಂದಿರುತ್ತಾನೆ. ಅಂದರೆ ಮುಂದೆ 450 ಮೀಟರ್ ಖಾಲಿ ಇರಬೇಕು. ಅದೇ ಲಾರಿಯನ್ನು 100ರಲ್ಲಿ ದಾಟಿದರೆ ಐದು ಸೆಕೆಂಡು, 250 ಮೀಟರ್ ಸಾಕು. ಹೀಗಾಗಿ ಎಲ್ಲ ಹೊತ್ತಿನಲ್ಲೂ ನಿಧಾನವೇ ಕ್ಷೇಮ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ದಾಟಿದ ಮೇಲೆ ಕಾಲು ಹಿಂದಕ್ಕೆ ಬರಬೇಕು. ನಮ್ಮದು ಬರುವುದಿಲ್ಲ, ಮುಂದಿನ ಲಾರಿಯವರೆಗೂ ಹಾಗೆಯೇ ಇರುತ್ತದೆ. ಮೂರನೆಯದು, ಬೆಳಗಾವಿಯಿಂದ ಕಿತ್ತೂರು, ಧಾರವಾಡದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ವಿಭಜಕವಿರುವ ರಸ್ತೆ. ಹುಬ್ಬಳ್ಳಿಯವರೆಗಿನ ಸುಮಾರು 95 ಕಿಲೋಮೀಟರಿನಲ್ಲಿ 80ಕ್ಕೂ 100ಕ್ಕೂ ಇರುವ ವ್ಯತ್ಯಾಸ ಕಾಗದದ ಮೇಲೆ ಹದಿನಾಲ್ಕೇ ನಿಮಿಷವಾದರೂ ಅದರಲ್ಲಿ ಬಹುಪಾಲು ಕೈಗೆ ದಕ್ಕುತ್ತದೆ, ಎದುರಿನವನ ಭಯವೂ ಇಲ್ಲ, ತಪ್ಪು ದಿಕ್ಕಿನಲ್ಲಿ ಬರುವ ಬೈಕಿನವನೊಬ್ಬನನ್ನು ಬಿಟ್ಟರೆ. ತುರ್ತು ಚಿಕಿತ್ಸೆಗೆ ಓಡಬೇಕಾದ ದಿನದ ಲೆಕ್ಕವೂ ಬೇರೆಯೇ. ಅಂಥ ದಿನ ನನಗೆ ವರ್ಷದಲ್ಲಿ ಒಂದೂ ಬಂದಿಲ್ಲ, ಜೋರಾಗಿ ಓಡಿಸಿದ ದಿನಗಳು ಮಾತ್ರ ಹತ್ತಾರು.

‘ನನ್ನನ್ನು ಹಿಂದಿಕ್ಕಿ ಹೋದವನು ಮುಂದಿನ ಊರಿನ ಗೇಟಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದ’ ಎಂಬ ಕಥೆಯನ್ನು ಸಾವಕಾಶ ಓಡಿಸುವವರೆಲ್ಲ ಹೇಳುತ್ತಾರೆ. ನನ್ನ ಎರಡನೆಯ ಅರ್ಧವರ್ಷದಲ್ಲಿ ಹಾಗೆ ಆದದ್ದು ಕಡಿಮೆ. ಹಿಂದಿಕ್ಕಿ ಹೋದವನು ಬಹುತೇಕ ಮತ್ತೆ ಸಿಗುವುದಿಲ್ಲ. ಅವನು ನಿಜವಾಗಿಯೂ ಮೊದಲು ಮುಟ್ಟಿರುತ್ತಾನೆ, ಹದಿನಾಲ್ಕು ನಿಮಿಷ ಮೊದಲು. ಆ ಹದಿನಾಲ್ಕಕ್ಕೆ ಅವನು ಪಣಕ್ಕಿಟ್ಟದ್ದು ಏನು ಎಂಬುದನ್ನು ಈಗ ಬರೆಯಬೇಕು.

ಕಣ್ಣಿಗೆ ಅಡ್ಡಿ ಕಂಡು, ಕಾಲು ಬ್ರೇಕಿಗೆ ಹೋಗುವವರೆಗೆ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳೋಣ. 80ರಲ್ಲಿ ಆ ಹೊತ್ತಿಗೇ 33 ಮೀಟರ್ ಹೋಗಿರುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕು ಹಿಡಿದರೂ ಇನ್ನೊಂದು 35 ಮೀಟರ್ ಬೇಕು. ಒಟ್ಟು 68ರ ಸುಮಾರು. 100ರಲ್ಲಿ ಇದು 97 ಮೀಟರ್, 120ರಲ್ಲಿ 129. ಈ ಅಂಕಿಗಳನ್ನು ಓದಿದಾಗ ನನಗೆ ಮೊದಲು ಅನಿಸಿದ್ದು, ಮೂವತ್ತು ಮೀಟರ್ ಹೆಚ್ಚು, ಅಷ್ಟೇ ತಾನೆ ಎಂದು. ಅದನ್ನು ತಿರುಗಿಸಿ ಕೇಳಿದಾಗ ಎದೆ ಝಲ್ಲೆಂದಿತು: 80ರಲ್ಲಿ ಬಂದವನು ಪೂರ್ತಿ ನಿಂತ ಜಾಗದಲ್ಲಿ 100ರಲ್ಲಿ ಬಂದವನ ವೇಗ ಎಷ್ಟಿರುತ್ತದೆ? ಸುಮಾರು 70. ಒಬ್ಬನು ನಿಂತು ಬೆವರು ಒರೆಸಿಕೊಳ್ಳುವಲ್ಲಿ ಇನ್ನೊಬ್ಬನು 70ರ ವೇಗದಲ್ಲಿ ಬಡಿಯುತ್ತಾನೆ. ಬಡಿತದ ಹೊಡೆತವೂ ವೇಗದ ವರ್ಗದಂತೆಯೇ ಏರುತ್ತದೆ. ವಿಜಯಪುರದ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಅದರ ನೆತ್ತಿಯಿಂದ ಬಿಟ್ಟ ಕಲ್ಲು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 114 ಕಿಲೋಮೀಟರ್. ಅಲ್ಲಿ ಮೇಲೆ ಹತ್ತಿದವರು ಕೆಳಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನಾನೂ ಸರಿದಿದ್ದೇನೆ. ಅದೇ ನಾನು ಸೊಲ್ಲಾಪುರ ರಸ್ತೆಯಲ್ಲಿ 114ರಲ್ಲಿ ಓಡಿಸುತ್ತ ಒಂದು ಕೈಯಿಂದ ಶೇಂಗಾ ಬಾಯಿಗೆ ಹಾಕಿಕೊಂಡಿದ್ದೇನೆ. ಎತ್ತರವನ್ನು ಕಂಡು ಮೈ ಹೆದರುತ್ತದೆ. ವೇಗಕ್ಕೆ ಹೆದರುವುದನ್ನು ಅದಕ್ಕೆ ಯಾರೂ ಕಲಿಸಿಲ್ಲ.

ಹೆದರದಿರುವುದಷ್ಟೇ ಅಲ್ಲ, ಮೈ ಬಹುಬೇಗ ರೂಢಿಯನ್ನೂ ಮಾಡಿಕೊಳ್ಳುತ್ತದೆ. ಇಪ್ಪತ್ತು ನಿಮಿಷ ನೂರರಲ್ಲಿ ಓಡಿಸಿದ ಕಣ್ಣಿಗೆ 60 ಎಂದರೆ ನಡಿಗೆಯಂತೆ ತೋರುತ್ತದೆ. ಬಯಲಿನಲ್ಲಿ ಹಿಡಿದ ವೇಗವನ್ನು ನಾವು ಬಯಲಿನಲ್ಲೇ ಬಿಟ್ಟು ಬರುವುದಿಲ್ಲ, ಊರೊಳಗೂ ತರುತ್ತೇವೆ. ಯರಗಟ್ಟಿಯಲ್ಲಿ ಶಾಲೆ ಬಿಡುವ ಹೊತ್ತಿಗೆ ನಾನು ‘ನಿಧಾನವಾಗಿ’ ಎಂದುಕೊಂಡು ಒಳಗೆ ಬಂದಾಗ ಮುಳ್ಳು 65ರ ಮೇಲಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಕಾರಿನ ಮುಂಭಾಗ ಬಡಿದ ಪಾದಚಾರಿಗೆ ಸಾವಿನ ಅಪಾಯ 50ರಿಂದ 65ಕ್ಕೆ ಏರುವಷ್ಟರಲ್ಲಿ ನಾಲ್ಕೂವರೆ ಪಟ್ಟಾಗುತ್ತದೆ.

ನೋಟ್‌ಬುಕ್ಕಿನ ಮೊದಲ ಭಾಗ ಮುಗಿಯಲು ಒಂದೇ ಪ್ರಯಾಣ ಬಾಕಿ ಇದ್ದಾಗ, ಡಿಸೆಂಬರಿನ ಒಂದು ರವಿವಾರ ರಾತ್ರಿ, ಲೋಕಾಪುರದಿಂದ ಯರಗಟ್ಟಿಯ ಕಡೆ 90ರಲ್ಲಿ ಬರುತ್ತಿದ್ದೆ. ಎದುರಿನ ಬಸ್ಸಿಗೆ ಡಿಪ್ ಮಾಡಿದ್ದೆ. ಬಸ್ಸು ದಾಟಿದ ಕ್ಷಣದಲ್ಲಿ ನನ್ನ ಮುಂದೆ ರಸ್ತೆಯಿರಲಿಲ್ಲ, ಕಬ್ಬಿನ ಗೋಡೆಯಿತ್ತು. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್. ಹಿಂದೆ ದೀಪವಿಲ್ಲ, ಕೆಂಪು ರಿಫ್ಲೆಕ್ಟರ್ ಬಟ್ಟೆಯನ್ನು ಜೋತುಬಿದ್ದ ಕಬ್ಬು ಮುಚ್ಚಿತ್ತು. ಬ್ರೇಕಿನ ಮೇಲೆ ನಿಂತುಬಿಟ್ಟೆ, ಕಾರು ಎಡಕ್ಕೆ ಎಳೆದು ಡಾಂಬರು ಇಳಿದು ಕರಿಮಣ್ಣಿನಲ್ಲಿ ಹೂತು ನಿಂತಿತು. ಎಡಗಡೆ ಹೊಲದ ಬದಲು ಹಳ್ಳದ ಸೇತುವೆಯಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಆ ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ, ಕೈ ಸರಿಯಾಗಿ ನಿಲ್ಲದಿದ್ದರೂ. ಡಿಪ್ಪಿನಲ್ಲಿ ನನ್ನ ದೀಪ ತೋರಿಸುವುದು ಐವತ್ತು ಮೀಟರ್. ಟ್ರ್ಯಾಕ್ಟರಿನ ವೇಗ 20 ಎಂದು ಹಿಡಿದರೆ 90ರಲ್ಲಿ ಬರುವ ನಾನು ಅದನ್ನು 70ರ ವೇಗದಲ್ಲಿ ಸಮೀಪಿಸುತ್ತಿರುತ್ತೇನೆ. ತಪ್ಪಿಸಿಕೊಳ್ಳಲು 56 ಮೀಟರ್ ಬೇಕು. ಇರುವುದು 50. ನನ್ನ ಎಚ್ಚರ, ನನ್ನ ಹದಿನೈದು ವರ್ಷಗಳ ಅನುಭವ, ಟೈರಿನ ಹೊಸತನ ಇದ್ಯಾವುದೂ ಆ ಆರು ಮೀಟರನ್ನು ತುಂಬಿಕೊಡುವುದಿಲ್ಲ; ಕಬ್ಬಿನ ಗಾಡಿ ಕಾಣುವ ಮೊದಲೇ, 90 ಎಂದು ನಿರ್ಧರಿಸಿದಾಗಲೇ, ಬಡಿಯುವುದು ನಿಶ್ಚಯವಾಗಿತ್ತು. 70ರಲ್ಲಿ ಬಂದಿದ್ದರೆ 35 ಮೀಟರ್ ಸಾಕಾಗುತ್ತಿತ್ತು, ಹದಿನೈದು ಮೀಟರ್ ಉಳಿಯುತ್ತಿತ್ತು.

ಟ್ರ್ಯಾಕ್ಟರಿನವನು ಮುಂದೆ ಹೋಗಿ ನಿಲ್ಲಿಸಿ ನಡೆದು ಬಂದ. ಇಪ್ಪತ್ತರ ಹುಡುಗ. ಬೈಯಲು ಬಾಯಿ ತೆರೆದವನು ಅವನ ಮುಖ ನೋಡಿ ಸುಮ್ಮನಾದೆ. “ಲೈಟಿನ ವೈರ್ ಕಡದೈತ್ರಿ ಸರ್, ನಿಂತು ಮಾಡಸ್ಕೊಂಡ್ರ ಫ್ಯಾಕ್ಟ್ರ್ಯಾಗ ಪಾಳಿ ಹೊಕ್ಕೈತಿ” ಎಂದ. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಹಿಂದೆ ಬಿದ್ದರೆ ತಾಸುಗಟ್ಟಲೆ ಕಾಯಬೇಕು. ಅವನದೂ ಅವಸರವೇ, ಆದರೆ ಅವನ ಅವಸರಕ್ಕೆ ತೂಕದ ಕಾಟೆಯ ಮೇಲೆ ಕಾಣುವ ಬೆಲೆಯಿತ್ತು. ನನ್ನದಕ್ಕೆ ಏನಿತ್ತು? ದೀಪವಿಲ್ಲದೆ ಬಂದದ್ದು ಅವನ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಹಿಂದಿನಿಂದ ಬಡಿದಿದ್ದರೆ, ಟ್ರೇಲರ್ ಹೊರಳಿದ್ದರೆ, ಅದರ ಮೇಲೆ ಮಲಗಿದ್ದ ಕಬ್ಬು ಕಡಿಯುವ ಆಳುಗಳಿಬ್ಬರ ಖರ್ಚು ನನ್ನ ನೋಟ್‌ಬುಕ್ಕಿನ ಯಾವ ಕಾಲಮ್ಮಿಗೆ ಹೋಗುತ್ತಿತ್ತು? ಉಳಿತಾಯದ ಹದಿನಾಲ್ಕು ನಿಮಿಷ ಪೂರ್ತಿ ನನ್ನದು. ನಷ್ಟದಲ್ಲಿ ಮಾತ್ರ, ಕೇಳದೆಯೇ, ಅವರನ್ನೂ ಪಾಲುದಾರರನ್ನಾಗಿ ಮಾಡಿಕೊಂಡಿದ್ದೆ.

ಇಂಥ ಲೆಕ್ಕವನ್ನು ದೇಶದ ಮಟ್ಟದಲ್ಲಿ ಹಾಕಿದವರಿದ್ದಾರೆ. ಅಮೆರಿಕ 1987ರಲ್ಲಿ ಗ್ರಾಮೀಣ ಭಾಗದ ಅಂತರರಾಜ್ಯ ಹೆದ್ದಾರಿಗಳಲ್ಲಿ ವೇಗದ ಮಿತಿಯನ್ನು 55 ಮೈಲಿಯಿಂದ 65 ಮೈಲಿಗೆ ಏರಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಓರ್ಲಿ ಆಶೆನ್‌ಫೆಲ್ಟರ್ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಹಾಗೆ ಏರಿಸಿಕೊಂಡ ರಾಜ್ಯಗಳನ್ನು ಅಭ್ಯಸಿಸಿ, ವಾಹನಗಳ ವೇಗ ಹೆಚ್ಚಿದ್ದು ಶೇಕಡಾ 4ರಷ್ಟು, ಸಾವಿನ ಪ್ರಮಾಣ ಹೆಚ್ಚಿದ್ದು ಸುಮಾರು ಶೇಕಡಾ 35ರಷ್ಟು ಎಂದು 2004ರಲ್ಲಿ ಪ್ರಕಟಿಸಿದರು. ಹೋದ ಒಂದೊಂದು ಜೀವಕ್ಕೂ ಉಳಿದ ಪ್ರಯಾಣದ ಸಮಯ ಸುಮಾರು 1,25,000 ತಾಸು. ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ಹಗಲು ರಾತ್ರಿ ಸೇರಿಸಿ ಎಣಿಸಿದರೆ ಅದು ಹದಿನಾಲ್ಕು ವರ್ಷ ಚಿಲ್ಲರೆ. ಸತ್ತವನು ಮೂವತ್ತರವನಾಗಿ, ಇನ್ನೂ ನಲವತ್ತು ವರ್ಷ ಬದುಕಬೇಕಿದ್ದವನಾದರೆ, ಅವನೊಬ್ಬನೇ ಕಳೆದುಕೊಂಡದ್ದು ಮೂರೂವರೆ ಲಕ್ಷ ತಾಸು. ಹಣದ ಮಾತು ಬಿಡಿ, ಬರಿಯ ಸಮಯಕ್ಕೆ ಸಮಯವನ್ನೇ ತೂಗಿದರೂ ತಕ್ಕಡಿ ಏಳುವುದಿಲ್ಲ. ನನಗೆ ಅತಿ ಹೆಚ್ಚು ನಾಟಿದ ಅಂಕಿ ಇದು, ಏಕೆಂದರೆ ನಾವು ಗಾಡಿ ಜೋರಾಗಿ ಓಡಿಸುವುದು ಸಮಯ ಉಳಿಸಲೆಂದೇ.

ನಮ್ಮ ದೇಶದ ಅಂಕಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಅಪಘಾತಗಳಲ್ಲಿ ಸತ್ತವರು 1,68,491. ಅದರಲ್ಲಿ ಶೇಕಡಾ 71ಕ್ಕೆ ಕಾರಣ ಅತಿವೇಗ. ಆದರೆ ನಮ್ಮ ಕಡೆಯ ಎಫ್‌ಐಆರ್‌ಗಳಲ್ಲಿ ‘ಅತಿವೇಗ ಮತ್ತು ನಿಷ್ಕಾಳಜಿತನದಿಂದ’ ಎಂಬ ಮಾತು ಪತ್ರದ ಮೇಲಿನ ಒಕ್ಕಣೆಯಂತೆ ಬಂದೇ ಬರುತ್ತದೆ. ದೀಪವಿಲ್ಲದ ಟ್ರೇಲರ್, ಗುರುತಿಲ್ಲದ ಹಂಪು, ಕಿತ್ತುಹೋದ ರಸ್ತೆಯಂಚು ಎಲ್ಲವೂ ಅದರ ಕೆಳಗೆ ಅಡಗಬಹುದು. ಶೇಕಡಾ 71 ಎಂಬುದು ಐವತ್ತೇ ಆಗಿದ್ದರೂ ನನ್ನ ಕಾಲಮ್ಮಿನಲ್ಲಿ ಏನೂ ಬದಲಾಗುವುದಿಲ್ಲ.

ಈಗ ನನ್ನ ನಿಯಮ ಹೀಗಿದೆ: ವಿಭಜಕವಿಲ್ಲದ ರಸ್ತೆಯಲ್ಲಿ ಹಗಲು 75, ಕತ್ತಲಾದ ಮೇಲೆ 60, ಹಿಂದಿಕ್ಕುವಾಗ ಐದಾರು ಸೆಕೆಂಡು ಮಾತ್ರ ಅದಕ್ಕಿಂತ ಮೇಲೆ, ಊರೊಳಗೆ ಮುಳ್ಳು ನೋಡಿಯೇ 30. ಕಬ್ಬಿನ ಹಂಗಾಮಿನಲ್ಲಿ ರವಿವಾರ ಮಧ್ಯಾಹ್ನವೇ ಹೊರಟು ಬೆಳಕಿರುವಾಗಲೇ ಬೆಳಗಾವಿ ಸೇರುತ್ತೇನೆ. ಲೋಕಾಪುರದ ಆಚೆಯ ಆ ನೇರ ರಸ್ತೆಯಲ್ಲಿ ಕಾಲು ಈಗಲೂ ತುರಿಸುತ್ತದೆ.

ನೋಟ್‌ಬುಕ್ಕಿನಲ್ಲಿ ನಾನು ಹುಡುಕದೆಯೇ ಸಿಕ್ಕ ಸಂಗತಿ ಇನ್ನೊಂದಿದೆ. ಜೋರಾಗಿ ಓಡಿಸಿದ ಅರ್ಧವರ್ಷದಲ್ಲಿ ಹಿಡಿದ ಸಮಯ 2 ತಾಸು 20 ನಿಮಿಷದಿಂದ 3 ತಾಸು 5 ನಿಮಿಷದವರೆಗೆ ಹಬ್ಬಿತ್ತು. ರಸ್ತೆ ಖಾಲಿ ಸಿಕ್ಕ ದಿನ ಒಂದು, ಸಿಗದ ದಿನ ಇನ್ನೊಂದು. ಸಾವಕಾಶ ಓಡಿಸಿದ ಅರ್ಧವರ್ಷದಲ್ಲಿ ಅದು 2 ತಾಸು 47 ನಿಮಿಷದಿಂದ 2 ತಾಸು 58 ನಿಮಿಷದೊಳಗೇ ನಿಂತಿತು. ಮೊದಲೆಲ್ಲ ಅವ್ವ ಫೋನು ಮಾಡಿ, “ಎಲ್ಲಿದ್ದೀಪಾ, ರೊಟ್ಟಿ ಬಡೀಲೇನು?” ಎಂದು ಎರಡೆರಡು ಸಲ ಕೇಳುತ್ತಿದ್ದಳು, ನಾನು ಗಾಡಿ ಓಡಿಸುತ್ತಲೇ ಉತ್ತರ ಕೊಡುತ್ತಿದ್ದೆ, ಬಹಳ ಸಲ ತಪ್ಪು ಉತ್ತರ. ಈಗ ಮುಂಜಾನೆ ಏಳಕ್ಕೆ ಹೊರಟೆನೆಂದು ಒಂದು ಸಲ ಹೇಳಿದರೆ ಸಾಕು. ಒಂಬತ್ತೂವರೆಗೆ ಆಕೆ ಹಿಟ್ಟು ನಾದಿ ಒಲೆ ಹಚ್ಚುತ್ತಾಳೆ, ಹತ್ತಕ್ಕೆ ಹತ್ತು ನಿಮಿಷ ಇರುವಾಗ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತೇನೆ, ಹಂಚಿನ ಮೇಲೆ ಎರಡನೆಯ ರೊಟ್ಟಿ ಉಬ್ಬುತ್ತಿರುತ್ತದೆ.